ಐದು ಎಂಎಲ್ ಸರಿ, ಯಾವ ಬಾಟಲಿಯ ಐದು ಎಂಎಲ್?

ಮಕ್ಕಳ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ನನ್ನ ಕೆಲಸ. ಚೀಟಿ ಓದುತ್ತೇನೆ, ಬಾಟಲಿ ತೆಗೆಯುತ್ತೇನೆ, ಪುಡಿಗೆ ನೀರು ಬೆರೆಸಿ ಕುಲುಕಿ ಕೊಡುತ್ತೇನೆ. ತೆಗೆದುಕೊಳ್ಳುವವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "ಊಟಕ್ಕೆ ಮುಂಚೆನಾ, ಆಮೇಲಾ?" ಕೇಳಲಿ, ತಪ್ಪೇನಿಲ್ಲ. ಆದರೆ ಮಕ್ಕಳ ಆಂಟಿಬಯೋಟಿಕ್ಕಿನಲ್ಲಿ ಎಡವಟ್ಟು ಆಗುವ ಜಾಗ ಬೇರೆ. ಐದು ಎಂಎಲ್‌ನಲ್ಲಿ ಎಷ್ಟು ಎಂಜಿ ಔಷಧಿ ಅಂತ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅದು 125 ಅಂತ ಇದೆಯಾ, 250 ಅಂತ ಇದೆಯಾ, 400 ಅಂತ ಇದೆಯಾ ಅಂತ ಯಾರೂ ಕೇಳುವುದಿಲ್ಲ. ಅದನ್ನು ಕೇಳಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಈ ಔಷಧಿ ಬೇಕಾ?

ನನ್ನ ತಂಗಿಗೆ ಎರಡು ವರ್ಷದ ಮಗಳಿದ್ದಾಳೆ. ಅವಳಿಗೆ ನೆಗಡಿ ಆದಾಗಲೆಲ್ಲ ನನ್ನ ಫೋನ್ ರಿಂಗಾಗುತ್ತದೆ.

"ಅಕ್ಕಾ, ಮೂಗಲ್ಲಿ ಹಸಿರು ಬರ್ತಿದೆ. ಆಂಟಿಬಯೋಟಿಕ್ ಶುರು ಮಾಡ್ಲಾ?"

"ಬೇಡ ಕಣೇ. ಹಸಿರಾದ್ರೆ ಏನಂತೆ?"

ಹಸಿರು ಸಿಂಬಳ ಅಂದರೆ ಬ್ಯಾಕ್ಟೀರಿಯಾ ಅನ್ನುವ ನಂಬಿಕೆ ಬಹಳ ಗಟ್ಟಿ. ನಿಜ ಏನೆಂದರೆ ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳದ್ದು. ಅವುಗಳೊಳಗೆ ಇರುವ ಒಂದು ಕಿಣ್ವವೇ ಹಸಿರು. ವೈರಸ್ ನೆಗಡಿಯಲ್ಲೂ ಮೊದಲು ನೀರಿನಂತಿದ್ದದ್ದು ಒಂದೆರಡು ದಿನ ಬಿಟ್ಟು ಹಳದಿ, ಹಸಿರು ಆಗಿ, ಆಮೇಲೆ ತಾನೇ ತಿಳಿಯಾಗುತ್ತದೆ. ನೆಗಡಿ, ಫ್ಲೂ, ಹೆಚ್ಚಿನ ಕೆಮ್ಮು, ಹೆಚ್ಚಿನ ಗಂಟಲು ನೋವು ಎಲ್ಲ ವೈರಸ್ಸಿನವು. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ, ವೈರಸ್ ಮೇಲೆ ಅಲ್ಲ. ಅವಕ್ಕೆ ಆಂಟಿಬಯೋಟಿಕ್ ಕೊಟ್ಟರೆ ಮಗುವಿಗೆ ಸಿಗುವುದು ಭೇದಿ ಮಾತ್ರ. ಹತ್ತು ದಿನ ಕಳೆದರೂ ಸ್ವಲ್ಪವೂ ಇಳಿಯದ ನೆಗಡಿ, ಇಳಿದು ಮತ್ತೆ ಜ್ವರ ಏರಿಸಿಕೊಂಡು ಬಂದ ನೆಗಡಿ, 39 ಡಿಗ್ರಿ ಸೆಲ್ಸಿಯಸ್ ಜ್ವರದ ಜೊತೆಗೇ ಮೂರ್ನಾಲ್ಕು ದಿನ ಗಟ್ಟಿ ಸಿಂಬಳ, ಇವು ಬೇರೆ ಲೆಕ್ಕ. ಆಗ ಡಾಕ್ಟರ್ ನೋಡಬೇಕು.

ಕಿವಿ ನೋವಿನದು ಮಧ್ಯದ ಕಥೆ. ಅದರಲ್ಲಿ ಬ್ಯಾಕ್ಟೀರಿಯಾ ಇದ್ದರೂ ಎಷ್ಟೋ ಸಲ ತಾನೇ ವಾಸಿಯಾಗುತ್ತದೆ. ಹಾಗಾಗಿ ಮಗು ಸ್ವಲ್ಪ ದೊಡ್ಡದಿದ್ದು, ನೋವು ಜ್ವರ ಎರಡೂ ಕಡಿಮೆ ಇದ್ದರೆ ಡಾಕ್ಟರು ನೋವಿಗೆ ಮಾತ್ರ ಔಷಧಿ ಕೊಟ್ಟು "ಎರಡು ಮೂರು ದಿನ ನೋಡೋಣ" ಅನ್ನಬಹುದು. ಹಾಗೆ ಹೇಳಿದ ಡಾಕ್ಟರ್ ಮೇಲೆ ಸಿಟ್ಟು ಮಾಡಿಕೊಂಡು ಕೌಂಟರಿಗೆ ಬರುವವರಿದ್ದಾರೆ. "ಮಗು ಅಳ್ತಿದೆ, ಅವ್ರು ಸುಮ್ನೆ ಕಳಿಸಿದ್ರು" ಅಂತ. ನನ್ನ ಪ್ರಕಾರ ಕಾಯಲು ಹೇಳುವ ಡಾಕ್ಟರ್ ಜಾಸ್ತಿ ಕೆಲಸ ಮಾಡಿದ್ದಾರೆ. ಚೀಟಿ ಬರೆಯುವುದಕ್ಕೆ ಅರ್ಧ ನಿಮಿಷ ಸಾಕು. ಬರೆಯದೇ ಇದ್ದದ್ದು ಯಾಕೆ ಅಂತ ವಿವರಿಸಲು ಹತ್ತು ನಿಮಿಷ ಬೇಕು.

ಕಾಯಬಾರದ ಸಂದರ್ಭಗಳೂ ಇವೆ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಜ್ವರ ಬಂದರೆ ಮನೆಯಲ್ಲಿ ಏನೂ ಶುರು ಮಾಡದೆ ನೇರ ಆಸ್ಪತ್ರೆಗೆ ಹೋಗಬೇಕು. ಕೆಮ್ಮಿರುವ ಮಗು ಬೇಗ ಬೇಗ ಉಸಿರಾಡುತ್ತಿದ್ದರೆ, ಅದು ಸಮಾಧಾನವಾಗಿರುವಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎರಡು ತಿಂಗಳಿಂದ ಹನ್ನೊಂದು ತಿಂಗಳವರೆಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದು ವೇಗದ ಉಸಿರು. ಪಕ್ಕೆಲುಬಿನ ಕೆಳಗೆ ಎದೆ ಒಳಗೆ ಹೋಗುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ. ನ್ಯುಮೋನಿಯಾ, ಮೂತ್ರದ ಸೋಂಕು, ಸ್ಟ್ರೆಪ್ ಗಂಟಲು (ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ನೋವು) ಇಂಥವಕ್ಕೆ ಆಂಟಿಬಯೋಟಿಕ್ ಬೇಕೇ ಬೇಕು. ಅಲ್ಲಿ "ಕೆಮಿಕಲ್ ಬೇಡ" ಅಂತ ಹಟ ಹಿಡಿಯುವವರನ್ನು ಕಂಡರೂ ನನಗೆ ಅಷ್ಟೇ ಕಷ್ಟ.

ಸರಿ, ಬೇಕು ಅಂತ ತೀರ್ಮಾನವಾಯಿತು. ಈಗ ನನ್ನ ವಿಷಯಕ್ಕೆ ಬರುತ್ತೇನೆ.

ದೊಡ್ಡವರಿಗೆ ಮಾತ್ರೆ ಬರೆಯುವಾಗ ಯಾರೂ ತೂಕ ಕೇಳುವುದಿಲ್ಲ. ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಮಾತ್ರೆ. ಮಕ್ಕಳಿಗೆ ಹಾಗಾಗುವುದಿಲ್ಲ. ಡೋಸ್ ಲೆಕ್ಕ ಹಾಕುವುದು ಒಂದು ಕಿಲೋ ತೂಕಕ್ಕೆ ಇಷ್ಟು ಎಂಜಿ ಅಂತ. ಉದಾಹರಣೆಗೆ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯೋಟಿಕ್ ನೋಡಿ. ಕಿವಿಯ ಸೋಂಕಿಗೆ ಹಲವು ಕಡೆಯ ಡಾಕ್ಟರುಗಳು ಪಾಲಿಸುವ ಲೆಕ್ಕ ದಿನಕ್ಕೆ ಕಿಲೋಗೆ 80ರಿಂದ 90 ಎಂಜಿ, ಅದನ್ನು ಎರಡು ಹೊತ್ತಿಗೆ ಹಂಚಿ. ಸ್ಟ್ರೆಪ್ ಗಂಟಲಿಗೆ ಅದೇ ಔಷಧಿ ದಿನಕ್ಕೆ ಕಿಲೋಗೆ 50 ಎಂಜಿ. ಅಂದರೆ ಹನ್ನೆರಡು ಕಿಲೋ ಇರುವ ಒಂದೇ ಮಗುವಿಗೆ ಕಿವಿ ನೋವಾದರೆ ದಿನಕ್ಕೆ 960 ಎಂಜಿ, ಗಂಟಲಾದರೆ 600 ಎಂಜಿ. ಮಗು ಅದೇ, ಔಷಧಿ ಅದೇ, ಡೋಸ್ ಬೇರೆ. ಹೋದ ಸಲದ ಚೀಟಿ ಈ ಸಲಕ್ಕೆ ನಡೆಯುವುದಿಲ್ಲ ಅನ್ನುವುದು ಇದಕ್ಕೇ. ಹಳೇ ಚೀಟಿ ಹಳೇ ಅಂಗಿಯ ಹಾಗೆ, ಮಗು ಬೆಳೆದ ಮೇಲೆ ಅಳತೆ ಕೂಡುವುದಿಲ್ಲ.

ಇನ್ನು ಆ ಎಂಜಿಯನ್ನು ಎಂಎಲ್ ಮಾಡಬೇಕಲ್ಲ, ನಿಜವಾದ ಗೊಂದಲ ಅಲ್ಲಿದೆ. ಮೇಲಿನ ಮಗುವಿಗೆ ಕಿವಿಗೆ ಒಂದು ಹೊತ್ತಿಗೆ 480 ಎಂಜಿ ಬೇಕು ಅಂದುಕೊಳ್ಳಿ. ಐದು ಎಂಎಲ್‌ನಲ್ಲಿ 400 ಎಂಜಿ ಇರುವ ಬಾಟಲಿಯಾದರೆ ಆರು ಎಂಎಲ್. 250 ಇರುವ ಬಾಟಲಿಯಾದರೆ ಹತ್ತಕ್ಕೆ ಸ್ವಲ್ಪ ಕಡಿಮೆ. 125ರ ಬಾಟಲಿಯಾದರೆ ಹತ್ತೊಂಬತ್ತು ಎಂಎಲ್ ದಾಟುತ್ತದೆ. ಮೂರೂ ಬಾಟಲಿಗೆ ಒಂದೇ ಹೆಸರು, ಹೆಚ್ಚು ಕಡಿಮೆ ಒಂದೇ ಡಬ್ಬ, ಒಂದೇ ಬಣ್ಣ. "ಐದು ಎಂಎಲ್ ಕೊಡಿ" ಅಂತ ಯಾರಾದರೂ ಹೇಳಿದರೆ ಅದು ಅರ್ಧ ಮಾತು. ಉಳಿದ ಅರ್ಧ ಬಾಟಲಿಯ ಮೇಲಿದೆ. (ಇವು ಲೆಕ್ಕ ಅರ್ಥವಾಗಲಿ ಅಂತ ಕೊಟ್ಟ ಅಂಕಿಗಳು. ಇದನ್ನು ನೋಡಿ ಮನೆಯಲ್ಲಿ ಡೋಸ್ ಹಾಕಬೇಡಿ. ನಿಮ್ಮ ಮಗುವಿನ ಡೋಸ್ ಡಾಕ್ಟರೇ ಹೇಳಬೇಕು.)

ಒಮ್ಮೆ ತಂಗಿ ಫೋನಿನಲ್ಲಿ, "ಅಕ್ಕಾ, ಹೋದ್ಸಲ ಐದು ಎಂಎಲ್ ಕೊಟ್ಟಿದ್ದೆ, ಈ ಸಲ ಎರಡೂವರೆ ಅಂತ ಬರ್ದಿದ್ದಾರೆ. ಮಗು ತೂಕ ಜಾಸ್ತಿ ಆಗಿದೆ, ಡೋಸ್ ಕಡಿಮೆ ಹೇಗಾಯ್ತು? ಐದೇ ಕೊಡ್ಲಾ?" ಅಂದಳು.

"ಬಾಟ್ಲಿ ಕೈಯಲ್ಲಿದ್ಯಾ? ಹೆಸರಿನ ಕೆಳಗೆ ಏನು ಬರ್ದಿದೆ ಓದು."

ಓದಿದಳು. ಹೋದ ಸಲದ್ದು 125, ಈ ಸಲದ್ದು 250. ಎರಡೂವರೆಯೇ ಸರಿಯಿತ್ತು. ಕೇಳಿದಳಲ್ಲ, ಅಷ್ಟೇ ಬೇಕಾಗಿದ್ದು. ನೀವೂ ಕೌಂಟರಿನಲ್ಲಿ ನಿಂತಾಗಲೇ ಕೇಳಿ: "ಈ ಬಾಟಲಿಯಲ್ಲಿ ಒಂದು ಹೊತ್ತಿಗೆ ಎಷ್ಟು ಎಂಎಲ್? ಸಿರಿಂಜಿನಲ್ಲಿ ತೋರಿಸಿ." ತೋರಿಸುವುದು ನಮ್ಮ ಕೆಲಸ. ಹಿಂದೆ ಸಾಲು ಉದ್ದ ಇದೆ ಅಂತ ಸಂಕೋಚ ಪಡಬೇಡಿ. ಚೀಟಿಯ ಮೇಲೆ ಮಗುವಿನ ಇವತ್ತಿನ ತೂಕ ಇದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಬರೆಸಿಕೊಳ್ಳಿ. ತೂಕ ಬರೆದಿದ್ದರೆ ನನ್ನಂಥವಳು ಇನ್ನೊಮ್ಮೆ ಲೆಕ್ಕ ಹಾಕಿ ನೋಡಬಹುದು. ಇಲ್ಲದಿದ್ದರೆ ಬರೆದದ್ದನ್ನು ಹಾಗೇ ನಂಬಬೇಕು.

ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನಿಕ್ ಆಸಿಡ್ (ಬ್ಯಾಕ್ಟೀರಿಯಾ ಅಮಾಕ್ಸಿಸಿಲಿನ್ ಅನ್ನು ಒಡೆಯದಂತೆ ತಡೆಯುವ ಅಂಶ) ಸೇರಿರುವ ಔಷಧಿಯಲ್ಲಿ ಇನ್ನೊಂದು ತಿರುವು ಇದೆ. ಬಾಟಲಿಯಿಂದ ಬಾಟಲಿಗೆ ಆ ಎರಡರ ಪ್ರಮಾಣ ಬದಲಾಗುತ್ತದೆ. ಕೆಲವದರಲ್ಲಿ ನಾಲ್ಕಕ್ಕೆ ಒಂದು, ಕೆಲವದರಲ್ಲಿ ಏಳಕ್ಕೆ ಒಂದು, ಇನ್ನು ಕೆಲವದರಲ್ಲಿ ಹದಿನಾಲ್ಕಕ್ಕೆ ಒಂದು. ಒಂದು ಸಿಗಲಿಲ್ಲ ಅಂತ ಇನ್ನೊಂದನ್ನು ಎರಡು ಪಟ್ಟು ಕುಡಿಸಿದರೆ ಕ್ಲಾವುಲನಿಕ್ ಹೆಚ್ಚಾಗಿ ಮಗುವಿಗೆ ಭೇದಿ ಹಿಡಿಯಬಹುದು. ಅಂಗಡಿಯವರು "ಇದು ಅದೇ" ಅಂದರೂ ಡಾಕ್ಟರಿಗೆ ಒಂದು ಫೋನ್ ಮಾಡಿ.

ಇನ್ನು ಪುಡಿ ಬೆರೆಸುವ ವಿಷಯ. ಎಷ್ಟೋ ಆಂಟಿಬಯೋಟಿಕ್‌ಗಳು ನೀರಿನಲ್ಲಿ ಬಹಳ ದಿನ ಉಳಿಯುವುದಿಲ್ಲ. ಅದಕ್ಕೇ ಕಂಪನಿಯವರು ಪುಡಿಯಾಗಿ ಕಳಿಸುತ್ತಾರೆ. ನಾವೇ ಬೆರೆಸಿ ಕೊಟ್ಟರೆ ನಿಮಗೆ ಈ ತಲೆನೋವು ಇಲ್ಲ. ಮನೆಯಲ್ಲಿ ಬೆರೆಸಬೇಕಾಗಿ ಬಂದರೆ ಮೊದಲು ಮುಚ್ಚಳ ತೆಗೆಯದೆ ಬಾಟಲಿಯನ್ನು ಅಂಗೈಗೆ ತಟ್ಟಿ, ತಳದಲ್ಲಿ ಗಟ್ಟಿಯಾಗಿ ಕೂತ ಪುಡಿ ಸಡಿಲವಾಗಲಿ. ಕುದಿಸಿ ಪೂರ್ತಿ ಆರಿಸಿದ ನೀರು ಇಟ್ಟುಕೊಳ್ಳಿ. ಬಿಸಿ ನೀರು ಬೇಡ. ಎಷ್ಟು ಹಾಕಬೇಕು ಅನ್ನುವುದು ಲೇಬಲಿನ ಮೇಲೆ ಇರುತ್ತದೆ. ಕೆಲವದಕ್ಕೆ ಇಷ್ಟು ಎಂಎಲ್ ಅಂತ, ಕೆಲವದಕ್ಕೆ ಗೆರೆಯವರೆಗೆ ಅಂತ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನೀರು ಹಾಕಿ ಜೋರಾಗಿ ಕುಲುಕಿ, ಆಮೇಲೆ ಉಳಿದದ್ದು ಹಾಕಿ ಮತ್ತೆ ಕುಲುಕಿ.

ಗೆರೆಯ ಬಾಟಲಿಯಲ್ಲಿ ಜನ ಮೋಸ ಹೋಗುವುದು ನೊರೆಯಿಂದ. ಕುಲುಕಿದ ಕೂಡಲೇ ನೊರೆ ಗೆರೆ ಮುಟ್ಟಿರುತ್ತದೆ. ತುಂಬಿತು ಅಂದುಕೊಂಡು ಮುಚ್ಚಳ ಹಾಕುತ್ತಾರೆ. ನೊರೆ ಇಳಿದ ಮೇಲೆ ನೋಡಿದರೆ ಔಷಧಿ ಗೆರೆಗಿಂತ ಒಂದು ಬೆರಳು ಕೆಳಗೆ. ಅಂದರೆ ನೀರು ಕಡಿಮೆ, ಔಷಧಿ ಗಟ್ಟಿ, ಪ್ರತಿ ಡೋಸೂ ಜಾಸ್ತಿ. ಬಾಟಲಿಯನ್ನು ಸಮನಾದ ಜಾಗದಲ್ಲಿ ಇಟ್ಟು ಐದು ನಿಮಿಷ ಬಿಡಿ. ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಕಡಿಮೆಯಿದ್ದರೆ ಗೆರೆಗೆ ತಂದು ಇನ್ನೊಮ್ಮೆ ಕುಲುಕಿ.

ಬೆರೆಸಿದ ತಾರೀಕನ್ನು ಪೆನ್ನಿನಲ್ಲಿ ಬಾಟಲಿಯ ಮೇಲೆ ಬರೆಯಿರಿ. ಡಬ್ಬದ ಮೇಲಿರುವ ಎಕ್ಸ್‌ಪೈರಿ ಪುಡಿಯದ್ದು. ನೀರು ಬಿದ್ದ ಮೇಲೆ ಅದಕ್ಕೆ ಬೆಲೆ ಇಲ್ಲ. ಬೆರೆಸಿದ ಔಷಧಿಯ ಆಯಸ್ಸು ಸಾಮಾನ್ಯವಾಗಿ ಒಂದು ವಾರದಿಂದ ಎರಡು ವಾರ. ಕಂಪನಿಯಿಂದ ಕಂಪನಿಗೂ ವ್ಯತ್ಯಾಸ ಇರುವುದರಿಂದ ಲೇಬಲ್ ಹೇಳಿದ್ದೇ ಕೊನೇ ಮಾತು. ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಫ್ರಿಜ್ಜಿನಲ್ಲಿರಬೇಕು. ಕ್ಲಾರಿತ್ರೋಮೈಸಿನ್ ಅನ್ನುವ ಇನ್ನೊಂದು ಆಂಟಿಬಯೋಟಿಕ್ ಫ್ರಿಜ್ಜಿಗೆ ಹೋಗಬಾರದು. ಎಲ್ಲವನ್ನೂ ಕಣ್ಣು ಮುಚ್ಚಿ ಫ್ರಿಜ್ಜಿನಲ್ಲಿಡುವ ಅಭ್ಯಾಸ ಇದ್ದವರು ಇದನ್ನು ಗಮನಿಸಿ. ಫ್ರೀಜರ್ ಮಾತ್ರ ಯಾವುದಕ್ಕೂ ಬೇಡ. ಔಷಧಿ ತಳದಲ್ಲಿ ಕೂರುವುದರಿಂದ ಪ್ರತಿ ಸಲ ಕುಲುಕಿಯೇ ತೆಗೆಯಬೇಕು. ಕುಲುಕದೆ ಕೊಟ್ಟರೆ ಮೊದಮೊದಲ ಡೋಸ್ ತೆಳು, ಕೊನೆಯ ಡೋಸ್ ಮಂದ.

ಅಡುಗೆಮನೆಯ ಚಮಚ ಬೇಡ ಅಂತ ಎಷ್ಟು ಸಲ ಹೇಳಿದರೂ ಸಾಲದು. ಒಂದು ಚಮಚ ಇನ್ನೊಂದರಂತೆ ಇರುವುದಿಲ್ಲ. ಡಬ್ಬದ ಜೊತೆ ಬರುವ ಅಳತೆ ಮುಚ್ಚಳ ಪರವಾಗಿಲ್ಲ, ಆದರೆ ಎರಡು ಮೂರು ಎಂಎಲ್‌ಗೆ ಅದು ಬಹಳ ಅಗಲ. ಒಂದು ಗೆರೆ ಆಚೀಚೆ ಆದರೂ ಗೊತ್ತಾಗುವುದಿಲ್ಲ. ಔಷಧಿ ಕುಡಿಸುವ ಸೂಜಿ ಇಲ್ಲದ ಸಿರಿಂಜ್ ಎಲ್ಲಕ್ಕಿಂತ ಒಳ್ಳೆಯದು. ಒಂದು ಎಚ್ಚರ: ಸಿರಿಂಜಿನ ತುದಿಗೆ ಪುಟ್ಟ ಕ್ಯಾಪ್ ಇದ್ದರೆ ಮೊದಲು ತೆಗೆದು ಕಸಕ್ಕೆ ಹಾಕಿ. ಮರೆತು ಒತ್ತಿದರೆ ಅದು ಹಾರಿ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಔಷಧಿ ಎಳೆದ ಮೇಲೆ ತುದಿ ಮೇಲೆ ಮಾಡಿ ಬೆರಳಿನಿಂದ ತಟ್ಟಿ, ಗುಳ್ಳೆ ಹೊರಗೆ ಹೋಗಲಿ. ಗುಳ್ಳೆ ಕುಡಿದರೆ ಮಗುವಿಗೆ ಏನೂ ಆಗುವುದಿಲ್ಲ, ಆದರೆ ಅಷ್ಟು ಜಾಗದ ಔಷಧಿ ಕಡಿಮೆಯಾಯಿತು.

ಕುಡಿಸುವಾಗ ಮಗು ಮಲಗಿರಬಾರದು. ತೊಡೆಯ ಮೇಲೆ ಸ್ವಲ್ಪ ಎತ್ತಿ ಕೂರಿಸಿಕೊಳ್ಳಿ. ಸಿರಿಂಜಿನ ತುದಿ ಕೆನ್ನೆಯ ಒಳಭಾಗಕ್ಕೆ ಇರಲಿ. ಗಂಟಲಿಗೆ ಗುರಿಯಿಟ್ಟು ಒಮ್ಮೆಲೇ ಒತ್ತಿದರೆ ಕೆಮ್ಮಿ ಎಲ್ಲ ಹೊರಗೆ ಬರುತ್ತದೆ, ಇಲ್ಲವೇ ಶ್ವಾಸನಾಳಕ್ಕೆ ಹೋಗುತ್ತದೆ. ಸ್ವಲ್ಪ ಒತ್ತಿ, ನುಂಗಲು ಬಿಡಿ, ಮತ್ತೆ ಸ್ವಲ್ಪ. ಮೂಗು ಹಿಡಿದು ಕುಡಿಸುವುದು ಬೇಡ. ಹಾಲಿನ ಬಾಟಲಿಗೆ ಔಷಧಿ ಸುರಿಯುವ ಉಪಾಯವೂ ಬೇಡ. ಮಗು ಅರ್ಧ ಹಾಲು ಬಿಟ್ಟರೆ ಎಷ್ಟು ಔಷಧಿ ಒಳಗೆ ಹೋಯಿತು ಅಂತ ದೇವರಿಗೇ ಗೊತ್ತು. ಬೆರೆಸಲೇಬೇಕಾದರೆ ನಮ್ಮನ್ನು ಕೇಳಿ, ಒಂದೆರಡು ಚಮಚ ತಿನಿಸಿನಲ್ಲಿ ಬೆರೆಸಿ ಆಗಲೇ ಪೂರ್ತಿ ತಿನ್ನಿಸಿ. ಸಿಹಿ ಅಂತ ಆಸೆ ತೋರಿಸಿ "ಚಾಕಲೇಟ್ ಕೊಡ್ತೀನಿ ಬಾ" ಅನ್ನಬೇಡಿ. ಮಗು ನಂಬಿ ಆಮೇಲೆ ತಾನೇ ಬಾಟಲಿ ಹುಡುಕಿಕೊಂಡು ಹೋಗುತ್ತದೆ.

ಸಿಹಿ ಅಂದಾಗ ನನಗೆ 1937 ನೆನಪಾಗುತ್ತದೆ. ಆಗ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಬ್ಯಾಕ್ಟೀರಿಯಾ ಸೋಂಕಿಗೆ ಹೊಸ ಔಷಧಿ. ಮಾತ್ರೆ, ಪುಡಿ ಇತ್ತು. ದ್ರವ ರೂಪದಲ್ಲೂ ಬೇಕು ಅನ್ನುವ ಬೇಡಿಕೆ ಬಂತು. ಒಂದು ಕಂಪನಿ ಅದನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ, ರಾಸ್ಪ್‌ಬೆರಿ ರುಚಿ ಸೇರಿಸಿ ಮಾರಿತು. ಆ ದ್ರಾವಕ ವಿಷ. ಮೂತ್ರಪಿಂಡ ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳು ಬಹಳ. ಔಷಧಿ ಸುರಕ್ಷಿತ ಅಂತ ಮಾರುವ ಮುಂಚೆಯೇ ತೋರಿಸಬೇಕು ಅನ್ನುವ ಕಾನೂನು ಅಲ್ಲಿ 1938ರಲ್ಲಿ ಬಂತು. ಮಕ್ಕಳ ಸಿರಪ್ ಅನ್ನುವುದು ದೊಡ್ಡವರ ಮಾತ್ರೆಯ ಕರಗಿಸಿದ ರೂಪ ಮಾತ್ರ ಅಂತ ಯಾರಾದರೂ ಅಂದರೆ ನಾನು ಇದನ್ನು ಹೇಳುತ್ತೇನೆ. ದೊಡ್ಡವರ ಮಾತ್ರೆ ಮುರಿದು ನೀರಲ್ಲಿ ಕಲಸಿ "ಕಾಲು ಭಾಗ" ಕುಡಿಸುವವರಿಗೂ ಹೇಳುತ್ತೇನೆ.

ಮಗುವಿನ ದೇಹವೇ ಬೇರೆ ಲೆಕ್ಕ. ಕ್ಲೋರಾಂಫೆನಿಕಾಲ್ ಅನ್ನುವ ಔಷಧಿ ನವಜಾತ ಶಿಶುಗಳ ಮೈ ಬೂದಿ ಬಣ್ಣಕ್ಕೆ ತಿರುಗಿಸಿ ಜೀವ ತೆಗೆದದ್ದು 1959ರ ಹೊತ್ತಿಗೆ ವರದಿಯಾಯಿತು. ಅವರ ಲಿವರ್ ಇನ್ನೂ ಆ ಔಷಧಿಯನ್ನು ಒಡೆದು ಹೊರಹಾಕುವಷ್ಟು ಬೆಳೆದಿರಲಿಲ್ಲ. ಟೆಟ್ರಾಸೈಕ್ಲಿನ್ ಎಂಟು ವರ್ಷದೊಳಗಿನ ಮಕ್ಕಳ ಬೆಳೆಯುವ ಹಲ್ಲಿಗೆ ಕಾಯಂ ಕಲೆ ಹಾಕುತ್ತದೆ. ಅದೇ ಕುಟುಂಬದ ಡಾಕ್ಸಿಸೈಕ್ಲಿನ್ ಸ್ವಲ್ಪ ದಿನಕ್ಕೆ ಪರವಾಗಿಲ್ಲ ಅಂತ ಈಗ ಒಪ್ಪುತ್ತಾರೆ. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಅಜಿತ್ರೋಮೈಸಿನ್ ಕೊಟ್ಟ ಶಿಶುಗಳಲ್ಲಿ ಹೊಟ್ಟೆಯ ಹೊರದಾರಿ ದಪ್ಪಗಾಗಿ ವಾಂತಿ ಹಿಡಿಯುವ ತೊಂದರೆ ಹೆಚ್ಚು ಕಂಡಿದೆ. ಇವೆಲ್ಲ ಡಾಕ್ಟರಿಗೆ ಗೊತ್ತಿರುತ್ತದೆ. ಪಕ್ಕದ ಮನೆಯವರಿಗೆ ಗೊತ್ತಿರುವುದಿಲ್ಲ, ಅದಕ್ಕೆ ಹೇಳಿದೆ.

ಹೊತ್ತಿನ ವಿಷಯ ಬೇಗ ಮುಗಿಸುತ್ತೇನೆ. ದಿನಕ್ಕೆ ಎರಡು ಸಲ ಅಂದರೆ ಹನ್ನೆರಡು ಗಂಟೆಗೆ ಹತ್ತಿರ ಬರುವ ಹಾಗೆ. ಮೂರು ಸಲ ಅಂದರೆ ಬೆಳಿಗ್ಗೆ, ಮಧ್ಯಾಹ್ನ, ಮಲಗುವಾಗ. ನಡುರಾತ್ರಿ ಮಗುವನ್ನು ಎಬ್ಬಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಮರೆತರೆ ನೆನಪಾದಾಗ ಕೊಡಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ಎರಡು ಡೋಸ್ ಸೇರಿಸಿ ಕೊಡಬೇಡಿ. ಕೊಟ್ಟು ಅರ್ಧ ಗಂಟೆಯೊಳಗೆ ವಾಂತಿಯಾದರೆ ಸಾಮಾನ್ಯವಾಗಿ ಅದೇ ಡೋಸ್ ಇನ್ನೊಮ್ಮೆ ಕೊಡಲು ಹೇಳುತ್ತಾರೆ. ಅದಕ್ಕಿಂತ ತಡವಾಗಿದ್ದರೆ ಬೇಡ. ಪ್ರತಿ ಸಲವೂ ವಾಂತಿಯಾಗುತ್ತಿದ್ದರೆ ಔಷಧಿಯನ್ನೇ ಬದಲಿಸಬೇಕೋ ಏನೋ, ಡಾಕ್ಟರಿಗೆ ತಿಳಿಸಿ. ಇಬ್ಬರು ಮೂವರು ನೋಡಿಕೊಳ್ಳುವ ಮನೆಯಲ್ಲಿ ಒಂದು ಚೀಟಿ ಅಂಟಿಸಿ, ಕೊಟ್ಟವರು ಟಿಕ್ ಹಾಕಲಿ. ಅಜ್ಜಿಯೂ ಕೊಟ್ಟು ಅಪ್ಪನೂ ಕೊಟ್ಟ ಕಥೆ ಕೌಂಟರಿನಲ್ಲಿ ಕೇಳುತ್ತಲೇ ಇರುತ್ತೇನೆ. ಊಟದ ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತೇನೆ: ಅಮಾಕ್ಸಿಸಿಲಿನ್ ಯಾವಾಗಲಾದರೂ ಸರಿ. ಕ್ಲಾವುಲನಿಕ್ ಸೇರಿದ್ದರೆ ಊಟ ಶುರುವಾಗುವಾಗ ಕೊಟ್ಟರೆ ಹೊಟ್ಟೆಗೆ ಹಿತ. ಕ್ಲಾಕ್ಸಾಸಿಲಿನ್ ಥರದ್ದು ಖಾಲಿ ಹೊಟ್ಟೆಗೆ.

ಔಷಧಿ ಶುರು ಮಾಡಿದ ರಾತ್ರಿಯೇ ಜ್ವರ ಇಳಿಯಬೇಕು ಅಂತ ಕಾಯುವವರಿಗೆ ಒಂದು ಮಾತು. ಎರಡು ಮೂರು ದಿನ ಹಿಡಿಯಬಹುದು. ಅಷ್ಟಾದರೂ ಇಳಿಯದಿದ್ದರೆ, ಅಥವಾ ಮಗು ಮಂಕಾಗುತ್ತಾ ಹೋದರೆ ಅದಕ್ಕೂ ಮುಂಚೆಯೇ, ಮತ್ತೆ ತೋರಿಸಬೇಕು. ನೀವೇ ಡೋಸ್ ಏರಿಸಬಾರದು.

ಭೇದಿ ಸ್ವಲ್ಪ ಆಗುವುದು ಮಾಮೂಲು. ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಕೂಡ ಸಾಯುತ್ತವಲ್ಲ. ನೀರು, ಹಾಲು ಕುಡಿಯುತ್ತಾ ಆಟವಾಡುತ್ತಿದ್ದರೆ ಔಷಧಿ ಮುಂದುವರಿಸಬಹುದು. ಮಲದಲ್ಲಿ ರಕ್ತ ಬಂದರೆ, ಮೂತ್ರ ಕಡಿಮೆಯಾದರೆ ತಡ ಮಾಡಬೇಡಿ. ಸೆಫ್ಡಿನಿರ್ ಅನ್ನುವ ಆಂಟಿಬಯೋಟಿಕ್ ಕುಡಿಯುವ ಮಗುವಿಗೆ ಕಬ್ಬಿಣಾಂಶ ಇರುವ ಪುಡಿಹಾಲು ಅಥವಾ ಟಾನಿಕ್ ಕೊಡುತ್ತಿದ್ದರೆ ಮಲ ಕೆಂಪಗೆ ಬರಬಹುದು. ಅದು ರಕ್ತವಲ್ಲ, ಔಷಧಿ ಕಬ್ಬಿಣದ ಜೊತೆ ಸೇರಿದ ಬಣ್ಣ. ಮೊದಲೇ ಹೇಳದಿದ್ದರೆ ಮನೆಯವರು ಡೈಪರ್ ಸಮೇತ ಓಡಿ ಬರುತ್ತಾರೆ. ಅವರ ಗಾಬರಿ ನ್ಯಾಯವಾದದ್ದೇ.

ದದ್ದು ನೋಡಿದರೆ ಎಲ್ಲರಿಗೂ ಭಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಔಷಧಿ ಕೊಟ್ಟು ಒಂದೆರಡು ಗಂಟೆಯೊಳಗೆ ತುರಿಸುವ, ಉಬ್ಬಿದ, ಜಾಗ ಬದಲಿಸುವ ಗಂಧೆಗಳು ಎದ್ದರೆ ಅದು ಅಲರ್ಜಿಯ ಲಕ್ಷಣ. ಮುಂದಿನ ಡೋಸ್ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಅದರ ಜೊತೆ ತುಟಿ ಮುಖ ಊದಿಕೊಂಡರೆ, ಉಸಿರಿಗೆ ಕಷ್ಟವಾದರೆ, ಮಗು ಸೋತು ಬಿದ್ದರೆ ಆಗಲೇ ತುರ್ತು ಚಿಕಿತ್ಸೆ ಬೇಕು. ಚರ್ಮದ ಮೇಲೆ ನೀರುಗುಳ್ಳೆ, ಬಾಯಿ ಕಣ್ಣಲ್ಲಿ ಹುಣ್ಣು ಬಂದರೂ ಹಾಗೆಯೇ. ಇನ್ನೊಂದು ಥರದ್ದು ಇದೆ: ಅಮಾಕ್ಸಿಸಿಲಿನ್ ಶುರು ಮಾಡಿ ಕೆಲವು ದಿನವಾದ ಮೇಲೆ ಎದೆ ಬೆನ್ನಿನ ಮೇಲೆ ಚಪ್ಪಟೆ ಗುಲಾಬಿ ಚುಕ್ಕೆಗಳು ಬರುತ್ತವೆ, ಮಗು ಆರಾಮಾಗಿರುತ್ತದೆ. ಅದು ಬಹಳ ಸಲ ಅಲರ್ಜಿ ಆಗಿರುವುದಿಲ್ಲ, ವೈರಸ್ಸಿನ ದದ್ದೂ ಇರಬಹುದು. ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಅಮಾಕ್ಸಿಸಿಲಿನ್ ಪೆನಿಸಿಲಿನ್ ಕುಟುಂಬದ್ದೇ, "ಪೆನಿಸಿಲಿನ್ ಅಲರ್ಜಿ" ಅನ್ನುವ ಹಣೆಪಟ್ಟಿ ಒಮ್ಮೆ ಅಂಟಿದರೆ ಬಿಡುವುದಿಲ್ಲ. ಹಾಗೆ ಹಣೆಪಟ್ಟಿ ಇರುವ ಹತ್ತು ಜನರನ್ನು ಸರಿಯಾಗಿ ಪರೀಕ್ಷೆ ಮಾಡಿದರೆ ಒಂಬತ್ತಕ್ಕಿಂತ ಹೆಚ್ಚು ಜನಕ್ಕೆ ಅಲರ್ಜಿಯೇ ಇರುವುದಿಲ್ಲ. ಆದರೂ ಅವರಿಗೆ ಜೀವನಪೂರ್ತಿ ಬೇರೆ, ಹೆಚ್ಚು ಬಿರುಸಾದ ಔಷಧಿಗಳೇ ಸಿಗುತ್ತವೆ. ನಿಜವಾದ ಅಲರ್ಜಿ ಇದ್ದವರು ಮಾತ್ರ ಪ್ರತಿ ಕೌಂಟರಿನಲ್ಲೂ, ಯಾರೂ ಕೇಳದಿದ್ದರೂ, ಅದನ್ನು ಹೇಳಲೇಬೇಕು.

ಎಷ್ಟು ದಿನ ಕೊಡಬೇಕು? "ಕೋರ್ಸ್ ಪೂರ್ತಿ ಮಾಡಿ" ಅಂತ ನಾವೆಲ್ಲ ಮಂತ್ರದ ಹಾಗೆ ಹೇಳುತ್ತಿದ್ದೆವು. ಈಗ ವಿಷಯ ಅಷ್ಟು ಸರಳವಾಗಿಲ್ಲ. ಬ್ರಿಟನ್ ಮತ್ತು ಐರ್ಲೆಂಡಿನ ಆಸ್ಪತ್ರೆಗಳಲ್ಲಿ ನ್ಯುಮೋನಿಯಾ ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ದಿನದ ಅಮಾಕ್ಸಿಸಿಲಿನ್ ಏಳು ದಿನದ್ದಕ್ಕೆ ಸಮವಾಗಿ ಕೆಲಸ ಮಾಡಿತು. ಹಾಗಾದರೆ ಎಲ್ಲದಕ್ಕೂ ಕಡಿಮೆ ಸಾಕಾ? ಸಾಲದು. 2016ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಎರಡು ವರ್ಷದೊಳಗಿನ ಮಕ್ಕಳ ಕಿವಿ ಸೋಂಕಿಗೆ ಹತ್ತು ದಿನದ ಬದಲು ಐದು ದಿನ ಕೊಟ್ಟು ನೋಡಿದರು. ಹತ್ತು ದಿನದ ಗುಂಪಿನಲ್ಲಿ ನೂರಕ್ಕೆ 16 ಮಕ್ಕಳಿಗೆ ಚಿಕಿತ್ಸೆ ವಿಫಲವಾದರೆ, ಐದು ದಿನದ ಗುಂಪಿನಲ್ಲಿ 34. ಸ್ಟ್ರೆಪ್ ಗಂಟಲಿಗೆ ಇವತ್ತಿಗೂ ಹತ್ತು ದಿನ ಬರೆಯುವುದು ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಡದಿರಲಿ ಅಂತ. ಹಾಗಾಗಿ ನಾನು ಈಗ ಹೇಳುವುದು: ಚೀಟಿಯಲ್ಲಿ ಎಷ್ಟು ದಿನ ಬರೆದಿದೆಯೋ ಅಷ್ಟು. ಮಗು ಮೂರನೇ ದಿನ ಕುಣಿಯುತ್ತಿದೆ ಅಂತ ನೀವೇ ನಿಲ್ಲಿಸಬೇಡಿ, ಬಾಟಲಿಯಲ್ಲಿ ಉಳಿದಿದೆ ಅಂತ ಮುಂದುವರಿಸಲೂಬೇಡಿ. ನಿಲ್ಲಿಸಬಹುದಾ ಅಂತ ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಬಾಟಲಿಯಲ್ಲಿ ಉಳಿಯುವುದು ಸಹಜ, ಯಾಕೆಂದರೆ ಬಾಟಲಿ ಅಳತೆ ನಿಮ್ಮ ಮಗುವಿನ ತೂಕ ನೋಡಿ ಮಾಡಿದ್ದಲ್ಲ. ತಂಗಿಯ ಕೊನೆಯ ಪ್ರಶ್ನೆ ಯಾವಾಗಲೂ ಇದೇ.

"ಇನ್ನೂ ಕಾಲು ಬಾಟ್ಲಿ ಇದೆ ಅಕ್ಕಾ. ಇವ್ರಿಗೆ ಗಂಟಲು ನೋವಂತೆ, ಕೊಟ್ಬಿಡ್ಲಾ? ಸುಮ್ನೆ ಯಾಕೆ ಹಾಳು ಮಾಡೋದು?"

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿ ಇಂಥದ್ದೇ ಒಬ್ಬ ಗಂಡನ ಕಲ್ಪಿತ ಕಥೆ ಹೇಳಿದ್ದರು. ಗಂಟಲು ನೋವಿಗೆ ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ತೆಗೆದುಕೊಳ್ಳುತ್ತಾನೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ. ಅದು ಹೆಂಡತಿಗೆ ಹರಡಿ, ಅವಳಿಗೆ ಪೆನಿಸಿಲಿನ್ ಹಿಡಿಯದೆ ನ್ಯುಮೋನಿಯಾದಲ್ಲಿ ಸಾಯುತ್ತಾಳೆ. ಈ ಕಥೆ ಹೇಳಿದಾಗ ತಂಗಿ ನಕ್ಕು, "ಅಯ್ಯೋ, ಹಾಗಾದ್ರೆ ಸಾಯೋದು ನಾನಾ?" ಅಂದಳು. ಕಾಲು ಬಾಟಲಿ ಗಂಡನ ಕೈಗೆ ಹೋಗಲಿಲ್ಲ. 2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನುವ ಅಂದಾಜಿದೆ. ಅದನ್ನು ಅವಳಿಗೆ ಹೇಳುವ ಅಗತ್ಯ ಬರಲಿಲ್ಲ.

ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ. ಹಳೇ ಔಷಧಿ ವಾಪಸ್ ತಗೊಳ್ಳುವ ಔಷಧಿ ಅಂಗಡಿ ಇದ್ದರೆ ಅಲ್ಲಿಗೆ ಕೊಡಿ. ಇಲ್ಲದಿದ್ದರೆ ಮಣ್ಣಿನಂಥ ಯಾರೂ ಮುಟ್ಟದ ಏನಾದರೂ ಸೇರಿಸಿ, ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಬಿಸಾಡುವ ಮುಂಚೆ ಲೇಬಲಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಶುರು ಮಾಡಿದ ತಾರೀಕು ಕಾಣುವ ಹಾಗೆ. ಒಂದು ತಿಂಗಳೊಳಗೆ ಅಮಾಕ್ಸಿಸಿಲಿನ್ ಕುಡಿದ ಮಗುವಿಗೆ ಮತ್ತೆ ಕಿವಿ ಸೋಂಕಾದರೆ ಡಾಕ್ಟರು ಸಾಮಾನ್ಯವಾಗಿ ಬೇರೆ ಔಷಧಿ ಆರಿಸುತ್ತಾರೆ. ಅವರು ಕೇಳಿದಾಗ "ಅದೇ, ಗುಲಾಬಿ ಬಣ್ಣದ ಸಿರಪ್" ಅಂದರೆ ಪ್ರಯೋಜನವಿಲ್ಲ. ಗುಲಾಬಿ ಬಣ್ಣದ ಸಿರಪ್ ನಮ್ಮ ಕಪಾಟಿನಲ್ಲಿ ಒಂದು ಸಾಲು ಪೂರ್ತಿ ಇದೆ.